ಭರತಪುರದ ಏರಿಯ ಮೇಲೆ ಸೈಕಲ್ ಸವಾರಿ

ದೆಹಲಿಯಲ್ಲಿ ನೆಲೆಸಿರುವ ಕನ್ನಡಿಗರ ಮನೆಗೆ ಊರಿನಿಂದ ನೆಂಟರು ಬಂದರೆ, ತೋರಿಸಬೇಕಾದ ಸ್ಥಳಗಳ ಪಟ್ಟಿ ಸಿದ್ಧವಾಗಿಯೇ ಇರುತ್ತದೆ. ಆಗ್ರಾ, ಮಥುರಾ, ಬೃಂದಾವನ, ಜಯಪುರ, ಬಿಡುವಿದ್ದರೆ ಹರಿದ್ವಾರ. ಆಗ್ರಾದಿಂದ ಜಯಪುರಕ್ಕೆ ಹೋಗುವ ಹಾದಿಯಲ್ಲಿಯೇ ಭರತಪುರವಿದೆ. ಬಹುಮಂದಿ ಅಲ್ಲಿ ಚಹಾ ಕುಡಿದು ಮುಂದೆ ಸಾಗುತ್ತಾರೆ. ಊರಿನ ಮಗ್ಗುಲಿನಲ್ಲಿಯೇ ಸುಮಾರು 29 ಚದರ ಕಿಲೋಮೀಟರು ವಿಸ್ತಾರದ ಒಂದು ಜೌಗುಪ್ರದೇಶವಿದೆಯೆಂದೂ, ಅದನ್ನು ಸೈಕಲ್ ಏರಿ ಮನದಣಿಯೆ ಸುತ್ತಬಹುದೆಂದೂ ತಿಳಿದವರು ಕಡಿಮೆ. ಕೇವಲಾದೇವ ರಾಷ್ಟ್ರೀಯ ಉದ್ಯಾನವೆಂಬುದು ಅದರ ಹೆಸರು.

ದೀಪಾವಳಿ ಕಳೆದ ಮೇಲೆ, ನವೆಂಬರಿನ ಒಂದು ಶನಿವಾರ ನಾವು ಎರಡು ಮನೆಯವರು ಸೇರಿ ಅಲ್ಲಿಗೆ ಹೊರಟೆವು. ದೊಡ್ಡವರು ನಾಲ್ವರು, ಮಕ್ಕಳು ಮೂವರು, ಮದ್ದೂರಿನ ಕಡೆಯಿಂದ ಬಂದಿದ್ದ ಅಜ್ಜಿ ಒಬ್ಬರು. ದೆಹಲಿಯಿಂದ ಸುಮಾರು 180 ಕಿಲೋಮೀಟರು. ಮುಂಬಯಿಗೆ ಹೋಗುವ ರೈಲುದಾರಿಯಲ್ಲಿಯೇ ಸಿಗುವ ಊರಾದುದರಿಂದ ಪ್ರಯಾಣದ ಆಯಾಸವೇನೂ ಆಗಲಿಲ್ಲ. ರಾತ್ರಿ ಅಲ್ಲಿಯೇ ತಂಗಿ, ಮರುದಿನ ಸೂರ್ಯೋದಯಕ್ಕೆ ಉದ್ಯಾನದ ಬಾಗಿಲಲ್ಲಿದ್ದೆವು.

ಒಳಗೆ ಸ್ವಲ್ಪ ದೂರದ ಮೇಲೆ ಪ್ರವಾಸಿಗರ ಮೋಟಾರು ಹೋಗುವಂತಿಲ್ಲ. ನಡೆಯಬೇಕು, ಇಲ್ಲವೆ ಸೈಕಲ್ ತುಳಿಯಬೇಕು, ಅದೂ ಆಗದಿದ್ದರೆ ರಿಕ್ಷಾ ಏರಬೇಕು. ಸೈಕಲುಗಳು ಬಾಡಿಗೆಗೆ ಸಿಗುತ್ತವೆ. ಗಂಟೆ ಬಾರಿಸದ, ಚೈನು ಕಿರುಗುಟ್ಟುವ ಹಳೆಯ ಸೈಕಲುಗಳನ್ನು ಕಂಡು ನಮ್ಮ ಹುಡುಗರಲ್ಲಿ ಹಿರಿಯವನ ಮುಖ ಬಾಡಿತು. ಜಲ್ಲಿಹಾದಿಗೆಂದೇ ದಪ್ಪ ಟೈರು, ಹಲವು ಗೇರುಗಳಿರುವ ಹೊಸ ಬಗೆಯ ಸೈಕಲ್ ಬೇಕೆಂದು ಅವನು ಒಂದು ವರ್ಷದಿಂದ ಹಟ ಹಿಡಿದವನು. ಆದರೆ ಇಲ್ಲಿ ದಿಬ್ಬವಿಲ್ಲ, ಇಳಿಜಾರಿಲ್ಲ. ಅವಸರವಂತೂ ಬೇಡವೇ ಬೇಡ. ಮೊದಲ ಮೈಲಿ ಮುಗಿಯುವುದರೊಳಗೆ ಅವನು ಗೇರಿನ ಮಾತನ್ನೇ ಮರೆತಿದ್ದ. ಅಜ್ಜಿಗಾಗಿ ಒಂದು ರಿಕ್ಷಾ ಮಾಡಿದೆವು. ಅದನ್ನು ನಡೆಸುತ್ತಿದ್ದವರು ವಯಸ್ಸಾದ ಒಬ್ಬ ಸರ್ದಾರ್ಜಿ. ಕೊರಳಲ್ಲಿ ದುರ್ಬೀನು, ನಾಲಗೆಯ ತುದಿಯಲ್ಲಿ ನೂರಾರು ಹಕ್ಕಿಗಳ ಹೆಸರು. ಇಲ್ಲಿಯ ರಿಕ್ಷಾದವರಲ್ಲಿ ಅನೇಕರು ಹೀಗೆ ಪಕ್ಷಿವಿದ್ಯೆ ಕಲಿತವರೇ.

ಮೊದಲು ಸಿಗುವುದು ಒಣ ನೆಲ. ಹುಲ್ಲುಗಾವಲು, ಬೋರೆಯ ಪೊದೆ, ಬನ್ನಿಮರ, ಅವುಗಳ ನಡುವೆ ತಲೆಯೆತ್ತಿ ನೋಡುವ ನೀಲಗಾಯಿ. ಇದೇನು, ನೀರೆಲ್ಲಿ ಎಂದು ಮಕ್ಕಳು ಕೇಳುವಷ್ಟರಲ್ಲಿ ರಸ್ತೆಯ ಎರಡು ಬದಿಗೂ ನೀರು ಹರಡಿಕೊಂಡಿತು. ಆ ನಡುರಸ್ತೆಯಿಂದ ಎಡಕ್ಕೂ ಬಲಕ್ಕೂ ಮಣ್ಣಿನ ಏರಿಗಳು ಕವಲೊಡೆಯುತ್ತವೆ. ಸೈಕಲ್ಲಿಗೆ ಹೇಳಿ ಮಾಡಿಸಿದ ಹಾದಿಗಳು ಅವು. ಗಾಲಿಯ ಕೆಳಗೆ ಜಲ್ಲಿ ಸರಗುಟ್ಟುತ್ತದೆ, ಕೆಲವೆಡೆ ಹಸಿಮಣ್ಣು ಹಿಡಿದೆಳೆಯುತ್ತದೆ, ಜಾಲಿಯ ಮುಳ್ಳಿನ ಮೇಲೆ ಒಂದು ಕಣ್ಣಿಟ್ಟಿರಬೇಕು. ಉಳಿದ ಗಮನವೆಲ್ಲ ನೀರಿನ ಮೇಲೆ. ನಡೆದು ಹೋದರೆ ದೂರ ಸಾಗದು. ಮೋಟಾರಿನಲ್ಲಿ ಹೋದರೆ ಹಕ್ಕಿಗಳು ಹಾರಿಹೋದಾವು. ಸೈಕಲ್ ಇವೆರಡರ ನಡುವಿನ ಹದ. ನಾವು ಬಂದೆವೆಂದು ನೀರುಕಾಗೆ ರೆಕ್ಕೆ ಒಣಗಿಸುವುದನ್ನು ನಿಲ್ಲಿಸಲಿಲ್ಲ; ಹಾವಕ್ಕಿ ಕೊರಳನ್ನಷ್ಟೇ ಹೊರಗಿಟ್ಟು ಈಜುತ್ತ ಹೋಯಿತು. ದೂರದ ಹುಲ್ಲಿನಲ್ಲಿ ಸಾರಸ ದಂಪತಿಗಳು ಆಳೆತ್ತರಕ್ಕೆ ನಿಂತು, ಒಂದರ ಹಿಂದೆ ಒಂದು ಕೂಗಿದಾಗ ನಾವೆಲ್ಲರೂ ಕಾಲು ಕೆಳಗೂರಿ ನಿಂತುಬಿಟ್ಟೆವು.

ಒಂದು ತಿರುವಿನಲ್ಲಿ ನೀರ ನಡುವಣ ಜಾಲಿಮರಗಳ ತುಂಬ ಬಣ್ಣದ ಕೊಕ್ಕರೆಗಳ ಗೂಡುಗಳು. ಬೆಳೆದ ಮರಿಗಳ ಗದ್ದಲ ಸಂತೆಯನ್ನು ಮೀರಿಸಿತ್ತು. ಅಜ್ಜಿ ರಿಕ್ಷಾದಿಂದ ಇಳಿದು ಬಂದರು.

“ಇವು ನಮ್ಮ ಕೊಕ್ಕರೆ ಬೆಳ್ಳೂರಿನವೇ ಅಲ್ಲವೇನಪ್ಪ?” ಎಂದರು. “ನಮ್ಮ ಕಡೆ ಸಂಕ್ರಾಂತಿಯ ಹೊತ್ತಿಗೆ ಹುಣಿಸೆಮರಕ್ಕೆ ಬಂದು ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎನ್ನುತ್ತೇವೆ. ಇಲ್ಲಿ ಆಗಲೇ ಬಾಣಂತನ ಮುಗಿಯುತ್ತ ಬಂದಿದೆಯಲ್ಲ!”

ಅಜ್ಜಿಯ ಲೆಕ್ಕ ಸರಿಯಾಗಿಯೇ ಇತ್ತು. ಜಾತಿ ಒಂದೇ, ಪಂಚಾಂಗ ಬೇರೆ. ಭರತಪುರದಲ್ಲಿ ಮುಂಗಾರಿನ ನೀರು ತುಂಬಿ ಮೀನು ಹೆಚ್ಚಿದಾಗ, ಆಗಸ್ಟ್ ಸೆಪ್ಟೆಂಬರಿನಲ್ಲಿ, ಕೊಕ್ಕರೆಗಳು ಗೂಡಿಗೆ ತೊಡಗುತ್ತವೆ. ನಮ್ಮ ನಾಡಿನಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ. ಮರಿಗೆ ಅನ್ನ ಎಲ್ಲಿ ಯಾವಾಗ ಸಿಗುವುದೋ ಅದೇ ಅವುಗಳಿಗೆ ಮುಹೂರ್ತ. ಊರು ಬಿಟ್ಟು ಬಂದು ಇಲ್ಲಿಯ ಚಳಿಗೂ ಶಾಲೆಯ ರಜೆಗೂ ನಮ್ಮ ಹಬ್ಬಹರಿದಿನಗಳನ್ನು ಹೊಂದಿಸಿಕೊಂಡಿರುವ ನಮ್ಮಂಥವರಿಗೆ ಇದು ಅರ್ಥವಾಗದ ಮಾತೇನಲ್ಲ.

ಇಷ್ಟು ಹೊತ್ತು ಇದನ್ನೆಲ್ಲ ಕಾಡೆಂದು ತಿಳಿದಿದ್ದ ಮಕ್ಕಳಿಗೆ ಸರ್ದಾರ್ಜಿ ಒಂದು ತೂಬನ್ನು ತೋರಿಸಿದರು. ಆಗ ನಿಜಾಂಶ ಹೊರಬಿತ್ತು. ಇದು ತಾನಾಗಿ ಆದ ಸರೋವರವಲ್ಲ, ಕಟ್ಟಿಸಿದ ಕೆರೆ! ಹದಿನೆಂಟನೆಯ ಶತಮಾನದಲ್ಲಿ ಭರತಪುರದ ದೊರೆ ಸೂರಜಮಲ್ಲನು ಗಂಭೀರ್, ಬಾಣಗಂಗಾ ನದಿಗಳು ಕೂಡುವಲ್ಲಿ ಅಜಾನ್ ಬಂಧ ಎಂಬ ಕಟ್ಟೆಯನ್ನು ಹಾಕಿಸಿದ. ಆ ನೀರು ಈ ತಗ್ಗಿನಲ್ಲಿ ಹರಡಿತು. ಮುಂದೆ ಬಂದವರು ಏರಿ, ಕಾಲುವೆ, ತೂಬುಗಳನ್ನು ಹಾಕಿ ನೀರನ್ನು ಪಾತಿ ಪಾತಿಯಾಗಿ ವಿಂಗಡಿಸಿದರು. ಹಾಗೆ ಮಾಡಿದ್ದು ಹಕ್ಕಿಗಳ ಮೇಲಿನ ಮಮತೆಯಿಂದಲ್ಲ, ಬೇಟೆಗಾಗಿ. ಕೇವಲಾದೇವ ಶಿವಾಲಯದ ಬಳಿ ಬೇಟೆಯ ಲೆಕ್ಕವನ್ನು ಕೆತ್ತಿದ ಕಲ್ಲುಗಳಿವೆ. 1938ರಲ್ಲಿ ವೈಸರಾಯ್ ಲಾರ್ಡ್ ಲಿನ್‌ಲಿತ್‌ಗೋ ಬಂದಾಗ ಒಂದೇ ದಿನ ಬಿದ್ದ ಹಕ್ಕಿಗಳು 4,273! ಗುಡಿಯ ಗಂಟೆ ಕೇಳಿಸುವಷ್ಟು ಹತ್ತಿರದಲ್ಲಿ ಆ ಅಂಕಿಗಳನ್ನು ಓದುವಾಗ ನಮ್ಮಲ್ಲಿ ಯಾರಿಗೂ ಮಾತು ಹೊರಡಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಈ ನೆಲವನ್ನು ಬತ್ತಿಸಿ ಸಾಗುವಳಿಗೆ ಕೊಡಬೇಕೆಂಬ ಕೂಗೆದ್ದಿತು. ಅದನ್ನು ಉಳಿಸಲು ಹೆಣಗಿದವರಲ್ಲಿ ಮುಖ್ಯರು ಪಕ್ಷಿತಜ್ಞ ಸಲೀಂ ಅಲಿ. ನಮ್ಮ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದುದೂ ಇವರ ಮಾತಿನಿಂದಲೇ ಎಂಬುದನ್ನು ಕನ್ನಡಿಗರು ನೆನೆಯಬೇಕು. ಭರತಪುರಕ್ಕೆ 1981ರಲ್ಲಿ ರಾಮ್‌ಸಾರ್ ಒಪ್ಪಂದದ ಮನ್ನಣೆ ಬಂದಿತು. 1985ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಗೂ ಸೇರಿತು.

ಇವೆರಡರ ನಡುವೆ, 1982ರಲ್ಲಿ, ಉದ್ಯಾನದೊಳಗೆ ದನ ಎಮ್ಮೆ ಮೇಯಿಸುವುದನ್ನು ನಿಷೇಧಿಸಿದರು. ತಲೆತಲಾಂತರದಿಂದ ಅಲ್ಲಿ ಮೇಯಿಸುತ್ತಿದ್ದ ಹಳ್ಳಿಗರು ತಿರುಗಿ ನಿಂತರು; ಗೋಲಿಬಾರ್ ಆಗಿ ಕೆಲವರು ಪ್ರಾಣ ಕಳೆದುಕೊಂಡರು. ಎಮ್ಮೆ ಹೋಯಿತು, ಹಕ್ಕಿ ಹೆಚ್ಚುವುದೆಂದು ಎಲ್ಲರೂ ಕಾದರು. ಆದುದು ಬೇರೆ. ಎಮ್ಮೆಗಳು ಮೇಯುತ್ತಿದ್ದ ನೀರುಹುಲ್ಲು ತಡೆಯಿಲ್ಲದೆ ಬೆಳೆದು ನೀರಿನ ಮೇಲೆ ಚಾಪೆ ಹಾಸಿತು. ಮೀನು ಕುಗ್ಗಿತು, ಬಾತುಗಳಿಗೆ ಈಜಲು ತೆರವಿಲ್ಲವಾಯಿತು. ಹತ್ತು ವರ್ಷ ಅಭ್ಯಾಸ ನಡೆಸಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿಗಳೇ ಎಮ್ಮೆಯಿಂದ ಈ ಜೌಗಿಗೆ ಉಪಕಾರವಿತ್ತೆಂದು ಹೇಳಿದರು. ಸತ್ತವರು ಮಾತ್ರ ಮರಳಲಿಲ್ಲ. ಒಣ ನೆಲದ ಕಡೆ ಹಬ್ಬಿದ ಇನ್ನೊಂದು ಪೀಡೆ ನಮಗೆ ಚಿರಪರಿಚಿತವಾದದ್ದು: ಬಳ್ಳಾರಿ ಜಾಲಿ. ಅದನ್ನು ಬೇರುಸಹಿತ ಕಿತ್ತು ಸೌದೆಯಾಗಿ ಒಯ್ಯುವ ಕೆಲಸಕ್ಕೆ ಸುತ್ತಣ ಹಳ್ಳಿಯವರನ್ನೇ ಕರೆದುದು ವಿವೇಕದ ಮಾತಾಯಿತು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ನೀರಿನದು. ವರ್ಷಕ್ಕೆ ಸುಮಾರು 550 ದಶಲಕ್ಷ ಘನ ಅಡಿ ನೀರು ಈ ಜೌಗಿಗೆ ಬೇಕು. ಮೇಲೆ ಕರೌಲಿ ಜಿಲ್ಲೆಯಲ್ಲಿ ಗಂಭೀರ್ ನದಿಗೆ ಪಾಂಚನಾ ಅಣೆಕಟ್ಟು ಬಂದ ಮೇಲೆ ಹರಿವು ಕುಗ್ಗಿತು. ಬರ ಬಿದ್ದ ವರ್ಷಗಳಲ್ಲಿ ರೈತರು, ಮೊದಲು ನಮ್ಮ ಹೊಲಕ್ಕೆ ಎಂದರು. ಅದು ತಪ್ಪೆನ್ನಲು ಕಾವೇರಿಯ ಜಗಳವನ್ನು ಕಂಡ ನಮಗೆ ನಾಲಗೆ ಏಳದು. 2004ರಲ್ಲಿ ಉದ್ಯಾನಕ್ಕೆ ನೀರು ಬಹುಮಟ್ಟಿಗೆ ನಿಂತೇಹೋಯಿತು. 2012ರ ಹೊತ್ತಿಗೆ ಗೋವರ್ಧನ ಕಾಲುವೆಯಿಂದ ಕೊಳವೆಯ ಮೂಲಕ ನೀರು ತರುವ ಏರ್ಪಾಡಾಯಿತು. ಅಂತೂ ಹಕ್ಕಿಗಳು ಉಳಿದವು, ಒಂದರ ಹೊರತು. ಸೈಬೀರಿಯದಿಂದ ಬರುತ್ತಿದ್ದ ಬಿಳಿಯ ಕ್ರೌಂಚಗಳು 1960ರ ದಶಕದಲ್ಲಿ ಇನ್ನೂರರಷ್ಟಿದ್ದವು. ದಾರಿಯಲ್ಲಿ ಬೇಟೆಗೆ ಸಿಕ್ಕಿ, ನೆಲೆಗಳು ಕೆಟ್ಟು ಕರಗುತ್ತ ಬಂದವು. 2001-02ರ ಚಳಿಗಾಲದಲ್ಲಿ ಒಂದು ಜೋಡಿ ಬಂದು ಹೋಯಿತು. ಆಮೇಲೆ ಬರಲಿಲ್ಲ.

“ಆ ಜೋಡಿಯನ್ನು ನಾನು ಕಂಡಿದ್ದೇನೆ, ಮಾತಾಜಿ. ಇವರ ಮಕ್ಕಳಿಗೆ ಏನು ತೋರಿಸುತ್ತೇವೋ, ಅದು ತೂಬಿನ ಕೈಯಲ್ಲಿದೆ” ಎಂದರು ಸರ್ದಾರ್ಜಿ ಅಜ್ಜಿಗೆ ಹಿಂದಿಯಲ್ಲಿ. ನಾವು ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳುವ ಮೊದಲೇ ಅಜ್ಜಿ ತಲೆದೂಗಿದ್ದರು. ಕೆರೆಯ ಕೆಳಗೆ ಗದ್ದೆ ಮಾಡಿದವರಿಗೆ ಆ ಮಾತಿಗೆ ಭಾಷಾಂತರ ಬೇಡ.

ಕೆರೆ ಕಟ್ಟಿಸಿದವನ ಹೆಸರು ಶಾಸನದಲ್ಲಿ ಉಳಿಯುತ್ತದೆ. ಆದರೆ ಕೆರೆ ಉಳಿಯುವುದು ವರ್ಷವರ್ಷವೂ ಹೂಳೆತ್ತಿ, ತೂಬು ನೋಡಿ, ನೀರು ಹಂಚಿಕೊಂಡವರಿಂದ. ಭರತಪುರ ಕಲಿಸುವ ಪಾಠ ಇದೇ. ಬೇಲಿ ಹಾಕಿ ಕೈಬಿಟ್ಟರೆ ಈ ಕಾಡು ಕಾಡಾಗಿ ಉಳಿಯದು.

ಹೋಗಬಯಸುವವರಿಗೆ ಎರಡು ಮಾತು. ನವೆಂಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ; ಆಗ ದೂರದೇಶದ ಬಾತುಗಳೂ ಪಟ್ಟೆತಲೆಯ ಹೆಬ್ಬಾತುಗಳೂ ಬಂದಿರುತ್ತವೆ. ಈ ಹೆಬ್ಬಾತುಗಳೇ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಬರುವುದೆಂದು ಮಕ್ಕಳಿಗೆ ಹೇಳಿರಿ. ಬೆಳಗಿನ ಚಳಿಗೆ ಕಿವಿ ಮುಚ್ಚುವ ಉಣ್ಣೆಯ ಟೋಪಿ, ಕುಡಿಯುವ ನೀರು, ಬುತ್ತಿ ಜೊತೆಗಿರಲಿ. ಸೈಕಲ್ ಹತ್ತುವ ಮೊದಲು ಬ್ರೇಕು, ಗಾಳಿ ನೋಡಿಕೊಳ್ಳಿ. ಏರಿಯ ಮೇಲೆ ಗಂಟೆ ಬಾರಿಸಬೇಡಿ. ಎಲ್ಲಿಯಾದರೂ ತೂಬು ಕಂಡರೆ ಒಂದು ಗಳಿಗೆ ಇಳಿದು, ನೀರು ಹರಿಯುತ್ತಿದೆಯೇ ಎಂದು ಬಗ್ಗಿ ನೋಡಿ.