ಪುಟ್ಟ ಗೂಡ್ಸ್ ಗಾಡಿ – ಭಾಗ 6: ಇಪ್ಪತ್ತು ಸ್ಲೀಪರ್, ಒಂದು ಗ್ರಾಂ

ಹೋದ ಸಲ ಹಾಕಿದ ಫೋಟೋ ನೆನಪಿದ್ಯಾ? ಚಪ್ಪಟೆ ವ್ಯಾಗನ್ ಮೇಲೆ ಮರದ ಸ್ಲೀಪರ್ ಲೋಡು. "ಅದು ನಿಜವಾದ ಮರಾನಾ ಮಗಾ?" ಅಂತ ಕ್ಲಾಸಲ್ಲಿ ಸುಮಾರು ಜನ ಕೇಳಿದ್ರಿ. ನಿಜವಾದ ಮರಾನೇ. ಐಸ್‌ಕ್ರೀಮ್ ಕಡ್ಡಿ. ತಿಂದಿದ್ದೂ ನಾನೇ.

ಮೊದಲು ಮಾಡಿದ್ದು ಹೇಗೆ ಅಂತ ಹೇಳ್ತೀನಿ, ಆಮೇಲೆ ಅಜ್ಜನ ವಿಷಯ.

ನನ್ನ ರೈಲು ಎಚ್‌ಓ ಸ್ಕೇಲ್. ಅಂದ್ರೆ 1:87. ನಿಜವಾದ 1 ಮೀಟರ್ ಇಲ್ಲಿ ಹನ್ನೊಂದೂವರೆ ಮಿಲಿಮೀಟರ್. ಹಳೇ ಮೀಟರ್ ಗೇಜ್ ಲೈನಿಗೆ ಹಾಕ್ತಿದ್ದ ಮರದ ಸ್ಲೀಪರ್ ಸುಮಾರು 180 ಸೆಂಟಿಮೀಟರ್ ಉದ್ದ, 20 ಅಗಲ, ಹನ್ನೊಂದೂವರೆ ದಪ್ಪ. ಅದನ್ನ 87ರಿಂದ ಭಾಗಿಸಿದ್ರೆ 20.7 ಮಿಲಿಮೀಟರ್ ಉದ್ದ, 2.3 ಅಗಲ, 1.3 ದಪ್ಪ. ಕಡ್ಡಿ 2 ಮಿಲಿಮೀಟರ್ ದಪ್ಪ ಇರುತ್ತೆ. ಹಾಗಾಗಿ ಮೊದಲು ಸ್ಯಾಂಡ್ ಪೇಪರ್ ಮೇಲೆ ಉಜ್ಜಿ ತೆಳು ಮಾಡ್ಬೇಕು, ಆಮೇಲೆ ಬ್ಲೇಡಿಂದ ಉದ್ದುದ್ದ ಸೀಳ್ಬೇಕು. ಎಳೆ ಹಿಡಿದು ಸೀಳಿದ್ರೆ ನೀಟಾಗಿ ಬರುತ್ತೆ, ಅವಸರ ಮಾಡಿದ್ರೆ ಓರೆ ಹೋಗುತ್ತೆ. ಬೆರಳು ಹುಷಾರು.

ಬಣ್ಣ ಹಚ್ಚಿಲ್ಲ. ತುಕ್ಕು ಹಿಡಿದ ಮೊಳೆಗಳನ್ನ ವಿನೆಗರ್‌ನಲ್ಲಿ ನಾಲ್ಕೈದು ದಿನ ನೆನೆಸಿಟ್ಟಿದ್ದೆ. ಮರವನ್ನ ಮೊದಲು ಗಟ್ಟಿ ಟೀ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿ, ಆಮೇಲೆ ಈ ನೀರು ಸವರಿದೆ. ಟೀಯಲ್ಲಿರೋ ಟ್ಯಾನಿನ್‌ಗೆ ಕಬ್ಬಿಣ ಸೇರಿ ಮರ ಬೂದು-ಕಪ್ಪು ಆಗುತ್ತೆ. ಹತ್ತು ವರ್ಷ ಮಳೆಗಾಲ ಕಂಡ ಮರದ ಥರ.

ಇಪ್ಪತ್ತು ಸ್ಲೀಪರ್ ಜೋಡಿಸಿ, ಅಂಟು ಹಾಕಿ, ವ್ಯಾಗನ್ ಮೇಲೆ ಕೂರಿಸಿ, ಅಜ್ಜನ ಮುಂದೆ ಇಟ್ಟೆ. ನನಗೆ ಹೆಮ್ಮೆಯೋ ಹೆಮ್ಮೆ.

ಅಜ್ಜ ಶಿವಮೊಗ್ಗ–ತಾಳಗುಪ್ಪ ಲೈನು ಇನ್ನೂ ಮೀಟರ್ ಗೇಜ್ ಇದ್ದಾಗ ಒಂದು ಸಣ್ಣ ಸ್ಟೇಷನ್ನಿನ ಗೂಡ್ಸ್ ಶೆಡ್‌ನಲ್ಲಿ ಹಮಾಲಿ ಆಗಿದ್ರು. ಅಷ್ಟು ನನಗೆ ಗೊತ್ತಿತ್ತು. ಅಷ್ಟೇ ಗೊತ್ತಿದ್ದಿದ್ದು.

ಕನ್ನಡಕ ಹಾಕ್ಕೊಂಡು ತುಂಬಾ ಹೊತ್ತು ನೋಡಿದ್ರು. "ಚಂದ ಐತಿ ಮಾರಾಯಾ" ಅಂದ್ರು. ಆಮೇಲೆ ಶುರುವಾಯ್ತು. "ಪಕ್ಕಕ್ಕೆ ಗೂಟ ಎಲ್ಲಿ? ಹಗ್ಗ ಎಲ್ಲಿ? ತಳಕ್ಕೆ ಅಡ್ಡಪಟ್ಟಿ ಕೊಡದಿದ್ರೆ ಇಳಿಸೋನು ಬೆರಳು ಎಲ್ಲಿಗೆ ಹಾಕ್ತಾನೆ?" ಕೊನೆಗೆ ಒಂದು ಕೇಳಿದ್ರು. "ಅಲ್ಲೋ, ಇದನ್ನೆಲ್ಲ ಮೇಲೆ ಹಾಕಿದ್ದು ಯಾರು?"

ನಾನೇ ಅಂದೆ. ನಕ್ಕರು.

ಆ ರಾತ್ರಿ ನಿದ್ದೆ ಬರ್ಲಿಲ್ಲ, ಸುಮ್ಮನೆ ಲೆಕ್ಕ ಹಾಕ್ತಾ ಕೂತೆ. ಆ ಅಳತೆಯ ಗಟ್ಟಿ ಮರದ ಒಂದು ಸ್ಲೀಪರ್, ಘನ ಮೀಟರಿಗೆ 800 ಕೆಜಿ ಅಂತ ಹಿಡಿದ್ರೂ, 33 ಕೆಜಿ. ಅದನ್ನ 87 ಪಟ್ಟು ಚಿಕ್ಕದು ಮಾಡಿದಾಗ ತೂಕ 87 ಪಟ್ಟು ಕಡಿಮೆಯಾಗಲ್ಲ. ಉದ್ದ, ಅಗಲ, ದಪ್ಪ ಮೂರೂ ಕುಗ್ಗುತ್ತಲ್ಲ, ಅದಕ್ಕೆ 87ನ್ನ ಮೂರು ಸಲ ಗುಣಿಸ್ಬೇಕು. 6,58,503 ಪಟ್ಟು. ಹೈಸ್ಕೂಲಲ್ಲಿ ಓದಿದ್ದೇ, ಆದ್ರೆ ಅವತ್ತು ಅದು ಬರೀ ಮಾರ್ಕ್ಸ್ ಆಗಿತ್ತು.

ಅಂದ್ರೆ ಅದೇ ಮರದಲ್ಲಿ ಮಾಡಿದ್ರೂ ನನ್ನ ಒಂದು ಸ್ಲೀಪರ್ 0.05 ಗ್ರಾಂ. ಇಪ್ಪತ್ತಕ್ಕೆ ಒಂದು ಗ್ರಾಂ. ಅಜ್ಜನ ಇಪ್ಪತ್ತಕ್ಕೆ 660 ಕೆಜಿ.

ಇನ್ನೊಂದು ತಮಾಷೆ ಕೇಳಿ. ಆ ಲೋಡ್ ಹೊತ್ತ ನನ್ನ ವ್ಯಾಗನ್ ತಿರುವಿನಲ್ಲಿ ಪದೇ ಪದೇ ಹಳಿ ತಪ್ತಿತ್ತು, ಹಗುರ ಅಂತ! ಅಮೆರಿಕದ ಮಾಡೆಲ್ ರೈಲು ಸಂಸ್ಥೆ ಎನ್‌ಎಂಆರ್‌ಎ ಇದಕ್ಕೊಂದು ಲೆಕ್ಕ ಕೊಟ್ಟಿದೆ. ಎಚ್‌ಓ ಗಾಡಿಗೆ ಮೊದಲು 1 ಔನ್ಸ್, ಆಮೇಲೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. 6 ಇಂಚಿನ ವ್ಯಾಗನ್ನಿಗೆ 4 ಔನ್ಸ್, ಅಂದ್ರೆ ಸುಮಾರು 113 ಗ್ರಾಂ. ಅದಕ್ಕೇ ಅಡಿಯಲ್ಲಿ ಮೀನು ಗಾಳದ ಸೀಸದ ಗುಂಡು ಅಂಟಿಸಿದೆ. ಮೇಲೆ ಕಾಣೋ ಲೋಡು ಒಂದು ಗ್ರಾಂ, ಕೆಳಗೆ ಬಚ್ಚಿಟ್ಟ ಸೀಸ ಅದರ ಹತ್ತಾರು ಪಟ್ಟು.

ಮಾಡೆಲ್‌ನಲ್ಲಿ ಆಕಾರ ಬರುತ್ತೆ, ಬಣ್ಣ ಬರುತ್ತೆ, ತುಕ್ಕೂ ಬರುತ್ತೆ. ಭಾರ ಬರಲ್ಲ. ಅದು ಎತ್ತಿದವರ ಮೈಮೇಲೇ ಉಳಿದುಬಿಡುತ್ತೆ.

ಅಜ್ಜನ ಬಲಭುಜ ಎಡಭುಜಕ್ಕಿಂತ ತಗ್ಗು. ನಾನು ಚಿಕ್ಕೋನಿದ್ದಾಗಿಂದ ನೋಡಿದೀನಿ. ಅವರು ನಿಲ್ಲೋ ಸ್ಟೈಲೇ ಹಾಗೆ ಅಂದ್ಕೊಂಡಿದ್ದೆ. ಚಿಕ್ಕವನಿದ್ದಾಗ ಅದನ್ನ ಆಕ್ಟ್ ಮಾಡಿ ತೋರಿಸಿ ಎಲ್ಲರನ್ನ ನಗಿಸ್ತಿದ್ದೆ ಕೂಡ. ಬೆಳಿಗ್ಗೆ ಎದ್ದು ಕೇಳಿದೆ, "ಅಜ್ಜಾ, ಯಾವ ಹೆಗಲ ಮೇಲೆ ಹೊರ್ತಿದ್ರಿ?" ಕಾಫಿ ಲೋಟ ಎಡಗೈಗೆ ಬದಲಾಯಿಸಿ ಬಲಭುಜ ತಟ್ಟಿ ತೋರಿಸಿದ್ರು. ಮಾತೇನೂ ಆಡ್ಲಿಲ್ಲ.

ಲೋಡನ್ನ ಪೂರ್ತಿ ಕಿತ್ತು ಮತ್ತೆ ಮಾಡಿದೆ. ಸ್ವೈಪ್ ಮಾಡಿ ನೋಡಿ.

2ನೇ ಫೋಟೋ: ತಳಕ್ಕೆ ಬೆಂಕಿಕಡ್ಡಿ ಸೀಳಿ ಅಡ್ಡಪಟ್ಟಿ ಕೊಟ್ಟಿದೀನಿ. ಬೆರಳು ಹಾಕೋಕೆ ಜಾಗ ಆಯ್ತು.

3ನೇ ಫೋಟೋ: ಪಕ್ಕಕ್ಕೆ ಗೂಟ. ಹೊಲಿಗೆ ದಾರಕ್ಕೆ ಅಂಟು ಸವರಿ ಹಗ್ಗ. ಗಂಟು ಹೇಗಿರ್ಬೇಕು ಅಂತ ಅಜ್ಜ ನಿಜವಾದ ಹಗ್ಗದಲ್ಲಿ ಕಟ್ಟಿ ತೋರಿಸಿದ್ರು.

4ನೇ ಫೋಟೋ: ನೆಲದಿಂದ ವ್ಯಾಗನ್ನಿಗೆ ಹತ್ತೋ ಹಲಗೆ. ಮಧ್ಯದಲ್ಲಿ ಮಾತ್ರ ಉಜ್ಜಿ ಸವೆಸಿದೀನಿ, ಎಲ್ಲರೂ ಅಲ್ಲೇ ಕಾಲಿಡ್ತಾರಲ್ಲ.

5ನೇ ಫೋಟೋ: ಝೂಮ್ ಮಾಡಿ. ಹಲಗೆ ಪಕ್ಕ ಒಂದು ಚಿಕ್ಕ ಉಂಗುರ ಕಾಣುತ್ತಾ? ಬಟ್ಟೆಯ ಎಳೆ ಸುತ್ತಿ ಮಾಡಿದ ಸಿಂಬಿ. ಎರಡು ಮಿಲಿಮೀಟರ್ ಚಿಲ್ಲರೆ. ಯಾರೋ ಈಗಷ್ಟೇ ತೆಗೆದಿಟ್ಟು ನೀರು ಕುಡಿಯೋಕೆ ಹೋದ ಹಾಗೆ.

ಅಜ್ಜನಿಗೆ ಅದು ಬರಿಗಣ್ಣಿಗೆ ಕಾಣ್ಲಿಲ್ಲ, ಫೋನಲ್ಲಿ ದೊಡ್ಡದು ಮಾಡಿ ತೋರಿಸಿದೆ. ಒಂದು ನಿಮಿಷ ಸುಮ್ಮನಿದ್ದು, "ಗಂಟು ಇನ್ನೂ ಸ್ವಲ್ಪ ಬಿಗಿ ಆಗ್ಬೇಕಿತ್ತು" ಅಂದ್ರು.

ಆಯ್ತು ಅಜ್ಜಾ. ಮುಂದಿನ ವ್ಯಾಗನ್ನಿಗೆ.

(ಭಾಗ 7ರಲ್ಲಿ ಮರದ ಪೆಟ್ಟಿಗೆಗಳು. ಅಲ್ಲಿವರೆಗೂ ಐಸ್‌ಕ್ರೀಮ್ ಕಡ್ಡಿ ಬಿಸಾಕ್ಬೇಡಿ, ನನಗೆ ಕೊಡಿ.)

#ಪುಟ್ಟಗೂಡ್ಸ್‌ಗಾಡಿ #ಮರದಕೆಲಸ #ಅಜ್ಜ