ಚಿಗರಿಯ ದಾರಿಯಲ್ಲಿ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಬೇಕಾದಾಗಲೆಲ್ಲ ನಾವು ಚಿಗರಿಯನ್ನೇ ಏರುವೆವು. ಚಿಗರಿಯೆಂದರೆ ಹರಿಣವೆಂದು ವಾಚಕರು ಬಲ್ಲರು. ಇಲ್ಲಿ ಅದು ಬಸ್ಸಿನ ಹೆಸರು. ಈ ಅವಳಿನಗರಗಳ ನಡುವೆ ಸುಮಾರು 22 ಕಿಲೋಮೀಟರುಗಳ ಹಾದಿಯಲ್ಲಿ ರಸ್ತೆಯ ಮಧ್ಯಭಾಗವನ್ನು ಈ ಬಸ್ಸುಗಳಿಗೆಂದೇ ಬೇರ್ಪಡಿಸಿ ಕಟ್ಟಿದರು. 2018ನೆಯ ಅಕ್ಟೋಬರಿನಲ್ಲಿ ಪ್ರಾಯೋಗಿಕ ಸಂಚಾರವು ಆರಂಭವಾಯಿತು. 2020ನೆಯ ಫೆಬ್ರವರಿ 2ರಂದು ಆಗಿನ ಉಪರಾಷ್ಟ್ರಪತಿ ಶ್ರೀ ವೆಂಕಯ್ಯ ನಾಯಡು ಅವರು ವಿಧ್ಯುಕ್ತವಾಗಿ ಉದ್ಘಾಟಿಸಿದರು.

ಉಣಕಲ್ಲ ಕೆರೆಯ ತಂಗಾಳಿ, ನವನಗರದ ಸಾಲುಮನೆಗಳು, ಪೇರಲಹಣ್ಣಿಗೆ ಹೆಸರಾದ ನವಲೂರು, ಹೀಗೆ ಒಂದೊಂದೇ ಹಿಂದೆ ಸರಿಯುವುವು. ನಿಲ್ದಾಣದ ಜಗುಲಿಯು ಬಸ್ಸಿನ ನೆಲದ ಮಟ್ಟಕ್ಕೇ ಇರುವುದರಿಂದ ಮೊಣಕಾಲಿನ ನೋವುಳ್ಳ ನಮ್ಮಂಥವರಿಗೆ ಪರಮೋಪಕಾರ. ಆದರೆ ನಿಲ್ದಾಣವಿರುವುದು ನಡುರಸ್ತೆಯಲ್ಲಿ. ಅಲ್ಲಿಗೆ ತಲಪಲು ಅರ್ಧ ರಸ್ತೆಯನ್ನು ದಾಟಲೇಬೇಕು. ಜಗುಲಿಯ ಎತ್ತರವನ್ನು ನಕ್ಷೆಯು ಬಲ್ಲುದು. ತಲೆಯ ಮೇಲೆ ಬುಟ್ಟಿ ಹೊತ್ತು ದಾಟುವ ಕಷ್ಟವನ್ನು ದಾಟುವವಳೇ ಬಲ್ಲಳು. ಆದುದರಿಂದ ಇಬ್ಬರೂ ಕುಳಿತು ಮಾತನಾಡುವುದು ಅವಶ್ಯಕ. ಈ ಪಾಠವನ್ನು ನಾವು ಕಲಿತದ್ದು ನಮ್ಮ ಗ್ರಾಮದಲ್ಲಿ.

ನಮ್ಮ ಗ್ರಾಮವು ಈ ರಾಜಮಾರ್ಗದಿಂದ ದೂರ. ಪಕ್ಕದ ಊರಿನಲ್ಲಿ ರಾತ್ರಿ ತಂಗುವ ವಸ್ತಿ ಬಸ್ಸು ಮುಂಜಾನೆ ಏಳೂವರೆಗೆ ನಮ್ಮಲ್ಲಿಗೆ ಬರುತ್ತಿತ್ತು. ಒಂದು ವರ್ಷ ಅದು ಎಂಟೂಕಾಲಿಗೆ ಬರತೊಡಗಿತು. ಪೇಟೆಯ ಶಾಲೆಗೆ ಹೋಗುವ ಮಕ್ಕಳಿಗೆ ಮೊದಲ ಪಾಠವು ನಿತ್ಯವೂ ತಪ್ಪಿತು. ಇಬ್ಬರು ಬಾಲಿಕೆಯರ ತಂದೆಗಳಂತೂ ಶಾಲೆಯನ್ನೇ ಬಿಡಿಸುವ ಮಾತನಾಡಿದರು. ನಾವು ಕೂಡಲೆ ಸಂಬಂಧಪಟ್ಟ ಕಚೇರಿಗೆ ನಾಲ್ಕು ಪುಟಗಳ ವಿಜ್ಞಾಪನೆಯನ್ನು ಬರೆದೆವು. ಸಮಾಸಗಳಿಗೆ ಕೊರತೆಯಿರಲಿಲ್ಲ. ಎರಡು ತಿಂಗಳಾದರೂ ಉತ್ತರ ಬರಲಿಲ್ಲ.

ಮೊಸರು ಮಾರುವ ಒಬ್ಬ ಅಜ್ಜಿಯು ಅದರ ಪ್ರತಿಯನ್ನು ಓದಿಸಿ ಕೇಳಿ, "ಮಾಸ್ತರ, ಅರ್ಜಿ ಭಾಳ ಛಂದ ಐತ್ರಿ. ಆದ್ರ ಎಷ್ಟ ಮಂದಿ ಬಸ್ಸಿಗೆ ಕಾಯ್ತೀವಿ, ಎಲ್ಲಿಗೆ ಹೊಕ್ಕೀವಿ ಅನ್ನೂದ ಅದರಾಗ ಇಲ್ಲಲ್ರಿ!" ಎಂದಳು. ನಾವು ನಾಚಿದೆವು. ಕ್ರಿಯೆಯು ಯಾರಿಗಾಗಿ ನಡೆಯುವುದೋ ಅದು ಸಂಪ್ರದಾನವೆಂದು ಮೂವತ್ತು ವರ್ಷ ಕಲಿಸಿದವರು ನಾವು. ನಮ್ಮ ವಿಜ್ಞಾಪನೆಯಲ್ಲಿ ಇಲ್ಲದಿದ್ದುದು ಸಂಪ್ರದಾನವೇ.

ಅಂದಿನಿಂದ ಎಂಟು ದಿನ ಮಕ್ಕಳೇ ನಿಂತು ಲೆಕ್ಕ ಬರೆದರು: ಕಾದವರೆಷ್ಟು, ಹೋಗುವುದೆಲ್ಲಿಗೆ, ಬಸ್ಸು ಬಂದುದೆಷ್ಟು ಗಂಟೆಗೆ. ಅದನ್ನು ಹಿಡಿದು ಕಚೇರಿಗೆ ಹೋದಾಗ ಅಲ್ಲಿಯ ಗುಮಾಸ್ತರು ಹೊಸ ಸಂಗತಿಯೊಂದನ್ನು ತಿಳಿಸಿದರು. ವೇಳೆಯನ್ನು ಬದಲಿಸಿರೆಂದು ಕೇಳಿದವರು ಪಕ್ಕದ ಊರಿನವರೇ! ಡೇರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಅವರಿಗೆ ಬಸ್ಸು ತಪ್ಪುತ್ತಿತ್ತು. ನಮ್ಮ ಅನುಕೂಲವು ಅವರ ಅನನುಕೂಲವೆಂದು ನಾವು ಯೋಚಿಸಿಯೇ ಇರಲಿಲ್ಲ.

ಎರಡು ಊರವರೂ ಗುಡಿಯ ಕಟ್ಟೆಯ ಮೇಲೆ ಕುಳಿತೆವು. ಅವರು ಹಾಲಿನ ಅಳತೆಯನ್ನು ಅರ್ಧ ತಾಸು ಮುಂದಾಗಿ ಮುಗಿಸಲು ಒಪ್ಪಿದರು. ನಾವು ಏಳೂವರೆಯ ಹಟವನ್ನು ಬಿಟ್ಟೆವು. ಬಸ್ಸು ಏಳೂಮುಕ್ಕಾಲಿಗೆ ನಮ್ಮಲ್ಲಿಗೆ ಬರಲೆಂದು ಒಂದೇ ಪುಟದ ಅರ್ಜಿಯನ್ನು ಎರಡೂ ಊರಿನ ರುಜುಗಳೊಡನೆ ಕೊಟ್ಟೆವು. ಹೊಸ ಬಸ್ಸನ್ನು ಬೇಡಲಿಲ್ಲ, ಹೆಚ್ಚಿನ ವೆಚ್ಚವನ್ನೂ ಬೇಡಲಿಲ್ಲ. ತಿಂಗಳೊಳಗೆ ವೇಳೆ ಬದಲಾಯಿತು. ಮಕ್ಕಳು ಪ್ರಾರ್ಥನೆಯ ಗಂಟೆಗೆ ಸರಿಯಾಗಿ ಶಾಲೆ ಸೇರಿದರು.

ಮೊನ್ನೆ ಚಿಗರಿಯಲ್ಲಿ ಆ ಇಬ್ಬರು ಬಾಲಿಕೆಯರಲ್ಲಿ ಒಬ್ಬಳು ನಮಗೆ ಎದ್ದು ಸ್ಥಳ ಬಿಟ್ಟುಕೊಟ್ಟಳು. ಧಾರವಾಡದಲ್ಲಿ ಕಾಲೇಜು ಓದುತ್ತಿರುವಳಂತೆ. ಇನ್ನೊಬ್ಬಳನ್ನು ಕುರಿತು ಕೇಳಲಿಲ್ಲ; ಕೇಳಬೇಕಾಗಿಯೂ ಇರಲಿಲ್ಲ. ನಮ್ಮ ನಾಲ್ಕು ಪುಟಗಳಿಗೆ ಉತ್ತರವನ್ನು ಕಾದ ಆ ಎರಡು ತಿಂಗಳಲ್ಲಿ ಅವಳು ಶಾಲೆಯನ್ನು ಬಿಟ್ಟಿದ್ದಳು.