ಗಾಡಿ ಬಂತು

ಕೊಯಮತ್ತೂರು ಜಿಲ್ಲೆಯ ಸಿರುಮುಗೈಯಲ್ಲಿರುವ ನಮ್ಮ ದೊಡ್ಡವ್ವ ಮೊನ್ನೆ ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿಗೆ ತಮಿಳು ಅಕ್ಷರದಲ್ಲಿ ಎರಡೇ ಪದ ಬರೆದು ಹಾಕಿದರು. ‘ಗಾಡಿ ಬಂತು.’ ನೂಲು ತರುವ ಗಾಡಿ. ಮೂರು ದಿನದಿಂದ ಮಗ್ಗ ಸುಮ್ಮನೆ ನಿಂತಿತ್ತು. ಓದಿದ ಕೂಡಲೇ ಅವರು ಉಸ್ಸೆಂದು ಜಗಲಿ ಮೇಲೆ ಕೂತದ್ದು ನನ್ನ ಕಣ್ಣಿಗೆ ಕಟ್ಟಿತು. ಬೆಂಗಳೂರಿನಲ್ಲಿರುವ ತಂಗಿಯ ಮಗಳಿಗೆ ಏನೂ ಕಟ್ಟಲಿಲ್ಲ. ಅವಳು ಕನ್ನಡ ಶಾಲೆಯಲ್ಲಿ ಓದಿದವಳು, ತಮಿಳು ಅಕ್ಷರ ಬರುವುದಿಲ್ಲ. ದೊಡ್ಡವ್ವ ತಮಿಳು ಶಾಲೆಯಲ್ಲಿ ಐದನೇ ಕ್ಲಾಸಿನವರೆಗೆ ಓದಿದವರು, ಕನ್ನಡ ಅಕ್ಷರ ಬರುವುದಿಲ್ಲ. ಮನೆಮಾತು ಇಬ್ಬರದೂ ಕನ್ನಡವೇ. ಎದುರುಬದುರು ಕೂತರೆ ದೀಪ ಹಚ್ಚುವ ಹೊತ್ತಾದರೂ ಏಳುವುದಿಲ್ಲ. ಬರವಣಿಗೆಗೆ ಬಂದರೆ ಒಬ್ಬರದು ಇನ್ನೊಬ್ಬರಿಗೆ ತಿಳಿಯದು.

ಹುಡುಗಿ ಆ ಎರಡು ಪದವನ್ನು ಅನುವಾದದ ಆ್ಯಪಿಗೆ ಹಾಕಿದಳು. ಆಮೇಲೆ ಗ್ರೂಪಿನಲ್ಲಿ ಕೇಳಿದಳು: ‘ಅಜ್ಜಿ, ಯಾವ ಚೆಂಡು?’

ಚೆಂಡು ಎಲ್ಲಿಂದ ಬಂತು ಅಂತ ನೋಡಿ. ತಮಿಳಿನಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಪ, ಫ, ಬ, ಭಕ್ಕೂ ಒಂದೇ. ಎಲ್ಲಿ ಗಡುಸು, ಎಲ್ಲಿ ಮೆದು ಅನ್ನುವುದು ತಮಿಳರ ನಾಲಗೆಗೆ ಹುಟ್ಟಿನಿಂದ ಗೊತ್ತು: ಪದದ ಮೊದಲಲ್ಲಿ ಗಡುಸು, ಅನುನಾಸಿಕ ಆದಮೇಲೆ ಮೆದು. ಆ ಲೆಕ್ಕದಲ್ಲಿ ಓದಿದರೆ ದೊಡ್ಡವ್ವನ ‘ಗಾಡಿ ಬಂತು’ ‘ಕಾಡಿ ಪಂದು’ ಆಗುತ್ತದೆ. ತಮಿಳಿನಲ್ಲಿ ಕಾಡಿ ಎಂದರೆ ಹುಳಿ ಬಂದ ನೀರು. ಪಂದು ಎಂದರೆ ಚೆಂಡು.

ನಾನು ಕೊಯಮತ್ತೂರಿನ ಸರವಣಂಪಟ್ಟಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವ ಕೆಲಸದಲ್ಲಿದ್ದೇನೆ. ತಪ್ಪು ಎಲ್ಲಿದೆ ಅಂತ ಹುಡುಕುವುದೇ ಸಂಬಳದ ಕೆಲಸ. ಇಲ್ಲಿ ದೊಡ್ಡವ್ವನ ತಪ್ಪಿಲ್ಲ, ತಮಿಳು ಅಕ್ಷರದ ತಪ್ಪೂ ಇಲ್ಲ. ಯಂತ್ರ ಅಕ್ಷರ ನೋಡಿ ಭಾಷೆಯನ್ನು ತೀರ್ಮಾನ ಮಾಡಿತು, ತಪ್ಪು ಅಲ್ಲಿದೆ. ತಮಿಳು ಅಕ್ಷರದಲ್ಲಿ ಬರೆದಿದ್ದರೆ ತಮಿಳೇ, ಕನ್ನಡ ಅಕ್ಷರದಲ್ಲಿ ಬರೆದಿದ್ದರೆ ಕನ್ನಡವೇ ಎಂದು ಯಾರೋ ಅದಕ್ಕೆ ಕಲಿಸಿದ್ದಾರೆ. ಕಲಿಸಿದವರು ನಮ್ಮ ಬೀದಿಗೆ ಬಂದವರಲ್ಲ.

ನಾವು ದೇವಾಂಗರು, ನೇಯ್ಗೆಯವರು. ಹಿರಿಯರು ಮೈಸೂರು ಸೀಮೆಯಿಂದ ಇಳಿದು ಬಂದರೆಂದು ಮನೆಯಲ್ಲಿ ಹೇಳುತ್ತಾರೆ. ಕೊಯಮತ್ತೂರು ಪೇಟೆ, ಸಿರುಮುಗೈ, ನೆಗಮಂ, ಉಡುಮಲೈ, ಹೋದಲ್ಲೆಲ್ಲ ನಮ್ಮವರ ಮಗ್ಗಗಳಿವೆ. ಒಕ್ಕಲಿಗರ ತೋಟಗಳೂ ಇವೆ. 2011ರ ಜನಗಣತಿಯಲ್ಲಿ ತಮಿಳುನಾಡಿನ ನೂರಕ್ಕೆ 1.78 ಮಂದಿ ಕನ್ನಡದ ಲೆಕ್ಕಕ್ಕೆ ಬಂದರು, ನೀಲಗಿರಿಯ ಬಡಗ ಮಾತನ್ನೂ ಸೇರಿಸಿ. ಶೇಕಡಾ ಲೆಕ್ಕದಲ್ಲಿ ಸಣ್ಣದು, ತಲೆ ಎಣಿಸಿದರೆ ಹನ್ನೆರಡು ಲಕ್ಷ ದಾಟುತ್ತದೆ. ಇವರಲ್ಲಿ ಕನ್ನಡ ಅಕ್ಷರ ಬಲ್ಲವರು ಎಷ್ಟೋ, ನಮ್ಮ ಮನೆಯ ಮಟ್ಟಿಗೆ ಹೇಳುವುದಾದರೆ ನಾನೊಬ್ಬನೇ. ನಾನೂ ಕಲಿತದ್ದು ಇಪ್ಪತ್ತು ದಾಟಿದ ಮೇಲೆ, ಬಸ್ಸಿನ ಬೋರ್ಡು ಓದಲು ಬೇಕೆಂದು.

ಕಂಪ್ಯೂಟರಿಗೆ ಅಕ್ಷರವೆಂದರೆ ಒಂದು ಸಂಖ್ಯೆ. ಯೂನಿಕೋಡ್‌ನಲ್ಲಿ ತಮಿಳಿನ ಕ 2965, ಕನ್ನಡದ ಕ 3221. ಕಳೆಯಿರಿ, 256. ತಮಿಳಿನ ಮ 2990, ಕನ್ನಡದ ಮ 3246. ಮತ್ತೆ 256. ಇದು ಕಾಕತಾಳೀಯವಲ್ಲ. 1988ರ ಇಸ್ಕಿ ಎಂಬ ಸಂಕೇತ ಪದ್ಧತಿ ನಮ್ಮ ಲಿಪಿಗಳನ್ನೆಲ್ಲ ಒಂದೇ ಅಚ್ಚಿನಲ್ಲಿ ಕೂರಿಸಿತ್ತು. ಯೂನಿಕೋಡ್ ಅದೇ ಸಾಲನ್ನು ಮುಂದುವರಿಸಿತು. ಒಂದೊಂದು ಲಿಪಿಗೆ 128 ಮನೆಗಳ ಒಂದು ಬೀದಿ. ಮೊದಲು ತಮಿಳು ಬೀದಿ, ಆಮೇಲೆ ತೆಲುಗು, ಆಮೇಲೆ ಕನ್ನಡ. ಕೊಯಮತ್ತೂರಿನ ಹಳೇ ಪೇಟೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ತಮಿಳಿನ ಗೌಂಡರ ಮನೆ, ತೆಲುಗಿನ ನಾಯ್ಡುಗಳ ಮನೆ, ಕನ್ನಡದ ನಮ್ಮ ಮನೆ, ಸಂಜೆ ಎಲ್ಲರ ಮಕ್ಕಳೂ ಒಂದೇ ಬೀದಿಯಲ್ಲಿ ಆಡುತ್ತಿದ್ದೆವು.

ಇನ್ನೊಂದು ಸಂಗತಿ ಇದೆ, ಅದನ್ನು ಕಂಡ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ತಮಿಳು ಬೀದಿಯ 2966, 2967, 2968ನೇ ಮನೆಗಳು ಖಾಲಿ. ಬೀಗ ಹಾಕಿ ಬಿಟ್ಟಿದ್ದಾರೆ. ನಮ್ಮ ಖ, ಗ, ಘಗಳು ತಮಿಳಿನಲ್ಲಿ ಇದ್ದಿದ್ದರೆ ಅಲ್ಲಿ ಇರುತ್ತಿದ್ದವು. ದೊಡ್ಡವ್ವನ ಗಾಡಿ ನಿಲ್ಲಬೇಕಾಗಿದ್ದದ್ದು 2967ರ ಮುಂದೆ. ಮನೆ ಖಾಲಿ ಇದ್ದದ್ದರಿಂದ ಎರಡು ಮನೆ ಆಚೆಯ 2965ರ ಬಾಗಿಲಿಗೆ ಹೋಯಿತು.

2010ರ ಜೂನ್ ಕೊನೆಯಲ್ಲಿ ನಮ್ಮೂರು ಕೊಯಮತ್ತೂರಿನಲ್ಲಿ ವಿಶ್ವ ಶಾಸ್ತ್ರೀಯ ತಮಿಳು ಸಮ್ಮೇಳನ ನಡೆಯಿತು. ಕೊಡಿಸಿಯಾ ಆವರಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಜೊತೆಯಲ್ಲೇ ತಮಿಳು ಇಂಟರ್‌ನೆಟ್ ಸಮಾವೇಶವೂ ಇತ್ತು, ತಮಿಳುನಾಡು ಸರ್ಕಾರ ಯೂನಿಕೋಡನ್ನು ಅಧಿಕೃತವಾಗಿ ಒಪ್ಪಿಕೊಂಡದ್ದೂ ಅದೇ ಸಮಯದಲ್ಲಿ. ಒಂದು ಭಾಷೆ ತನ್ನ ಅಕ್ಷರದ ಸಂಖ್ಯೆಗಳ ಬಗ್ಗೆ ಐದು ದಿನ ಜಾತ್ರೆ ಕಟ್ಟಿ ಮಾತಾಡಿದ್ದನ್ನು ನೋಡಿ ನಾನು ಹೊಟ್ಟೆ ತುಂಬಿದವನಂತೆ ಮನೆಗೆ ಬಂದೆ. ಆಗ ಕಾಲೇಜಿನಲ್ಲಿದ್ದೆ. ಅಪ್ಪನೂ ಜೊತೆಗಿದ್ದರು. ಸಮ್ಮೇಳನದಲ್ಲಿ ಒಂದು ಕಂಪ್ಯೂಟರ್ ಎದುರು ಕೂತು ಒಂದೇ ಬೆರಳಿನಲ್ಲಿ ತಮ್ಮ ತಾಯಿಯ ಹೆಸರನ್ನು ತಮಿಳು ಅಕ್ಷರದಲ್ಲಿ ಹೊಡೆದರು: ಚೌಡಮ್ಮ. ತಮಿಳಿನಲ್ಲಿ ಚಕಾರಕ್ಕೂ ಸಕಾರಕ್ಕೂ ಒಂದೇ ಅಕ್ಷರ, ಮೊದಲಲ್ಲಿ ಬಂದರೆ ‘ಸ’ ಅನ್ನುತ್ತಾರೆ. ಕೊಯಮತ್ತೂರಿನ ರಾಜವೀದಿಯ ಗುಡಿಯಲ್ಲಿ ವಿಜಯದಶಮಿಗೆ ಅಲಗು ಸೇವೆ ಮಾಡಿಸಿಕೊಳ್ಳುವ ನಮ್ಮ ದೇವಿ ಚೌಡಮ್ಮನೂ ಇಲ್ಲಿ ಸೌಡಮ್ಮನಾಗಿಯೇ ಇದ್ದಾಳೆ. ‘ನಮ್ಮಕ್ಷರ್ದಲ್ಲಿ ಬರ್ತದೇನೋ ಇದ್ರಲ್ಲಿ?’ ಅಂತ ಅಪ್ಪ ಕೇಳಿದರು. ಕೀಬೋರ್ಡು ಬದಲಾಯಿಸಿ ಹೊಡೆದು ತೋರಿಸಿದೆ. ಪರದೆಯ ಹತ್ತಿರ ಬಗ್ಗಿ ನೋಡಿದರು. ‘ಇದಾ ನಮ್ಮವ್ವನ ಹೆಸ್ರು?’ ಅರವತ್ತು ವರ್ಷದ ಮನುಷ್ಯ ತನ್ನ ತಾಯಿಯ ಹೆಸರನ್ನು ತನ್ನ ಭಾಷೆಯ ಅಕ್ಷರದಲ್ಲಿ ಮೊದಲ ಸಲ ನೋಡುತ್ತಿದ್ದರು, ಓದಲು ಬರುತ್ತಿರಲಿಲ್ಲ.

ಅಪ್ಪನ ಟ್ರಂಕಿನಲ್ಲಿ ಇನ್‌ಲ್ಯಾಂಡ್ ಲೆಟರುಗಳ ಒಂದು ಕಟ್ಟಿದೆ. ಅಣ್ಣ ತಮ್ಮನಿಗೆ, ಅತ್ತೆ ಅಳಿಯನಿಗೆ, ಮದುವೆ, ಸಾವು, ಬಾಣಂತನ, ನೂಲಿನ ಸಾಲ. ಎಲ್ಲವೂ ತಮಿಳಿನಲ್ಲಿ. ಅಕ್ಷರ ಮಾತ್ರವಲ್ಲ, ಮಾತೂ ತಮಿಳೇ. ಕನ್ನಡದಲ್ಲಿ ಜಗಳವಾಡಿ, ಕನ್ನಡದಲ್ಲಿ ಅತ್ತು, ಪೋಸ್ಟಿಗೆ ಹಾಕುವಾಗ ತಮಿಳಿಗೆ ತಿರುಗುತ್ತಿದ್ದರು. ನಮ್ಮ ಕನ್ನಡ ಕೂಗಿದರೆ ಕೇಳುವಷ್ಟು ದೂರಕ್ಕೇ ಮುಗಿಯುತ್ತಿತ್ತು. ಅದಕ್ಕೇ ನನ್ನ ಮಟ್ಟಿಗೆ ಈ ಹತ್ತು ಹನ್ನೆರಡು ವರ್ಷದಲ್ಲಿ ಬಂದ ದೊಡ್ಡ ಸಂಗತಿ 5ಜಿ ಅಲ್ಲ, ಎಐ ಅಲ್ಲ. 2013ರಲ್ಲಿ ವಾಟ್ಸ್‌ಆ್ಯಪ್ ತಂದ ಆ ಮೈಕಿನ ಗುಂಡಿ. ಒತ್ತಿ ಹಿಡಿದು ಮಾತಾಡಿದರೆ ಸಾಕು. ಅಕ್ಷರ ಬಾರದ ಕನ್ನಡ ಮೊದಲ ಸಲ ಕಾಗದದಂತೆ ಊರು ಬಿಟ್ಟು ಹೊರಟಿತು.

ತಿರುಪ್ಪೂರಿನಲ್ಲಿ ನನ್ನ ಚಿಕ್ಕಪ್ಪನ ಮಗ ಬನಿಯನ್ ಕಂಪನಿಯೊಂದರಲ್ಲಿ ಸೂಪರ್‌ವೈಸರು. ಅವನ ವಾಯ್ಸ್ ಮೆಸೇಜಿನಲ್ಲಿ ಹಿಂದೆ ಓವರ್‌ಲಾಕ್ ಮಿಷನ್ನುಗಳ ಸದ್ದು, ಮುಂದೆ ಅವನ ಗಂಟಲು: ‘ಅಣ್ಣಾ, ಇವತ್ತು ಓಟಿ ಐತೆ, ಊಟಕ್ ಕಾಯ್ಬ್ಯಾಡ್ರಿ, ನಾಳೈಕ್ಕು ಲೋಡ್ ಅನುಪ್ಪಣುಂ.’ ನಾಳೆ ಲೋಡ್ ಕಳಿಸಬೇಕು ಅನ್ನುವುದು ಕೊನೆಯ ಮಾತು. ಶುರುವಾದದ್ದು ಕನ್ನಡ, ಮುಗಿದದ್ದು ತಮಿಳು, ನಡುವೆ ಇಂಗ್ಲಿಷಿನ ಓಟಿ. ಅವನಿಗೆ ಮೂರು ಭಾಷೆ ಬೆರೆಸಿದೆನೆಂಬ ಎಚ್ಚರವೇ ಇರುವುದಿಲ್ಲ. ಅದು ಅವನ ಒಂದು ಮಾತು. ಇಂಥ ಮಾತನ್ನು ಕಲಬೆರಕೆ ಅಂತ ಮೂಗು ಮುರಿಯುವವರು ಎರಡೂ ಕಡೆ ಇದ್ದಾರೆ. ನನಗೆ ಅವರ ಮೇಲೆ ಸಿಟ್ಟಿದೆ. ಎಷ್ಟೋ ತಲೆಮಾರು ಶಾಲೆಯಿಲ್ಲದೆ, ಪುಸ್ತಕವಿಲ್ಲದೆ, ಪತ್ರಿಕೆಯಿಲ್ಲದೆ ಮನೆಯೊಳಗೇ ಉಳಿದು ಬಂದ ಭಾಷೆ ಇದು. ಉಳಿದದ್ದೇ ಬೆರೆಯುತ್ತ.

ಈಗ ಫೋನುಗಳು ಆ ಮಾತನ್ನು ಅಕ್ಷರಕ್ಕೆ ಇಳಿಸಲು ಹೊರಟಿವೆ. ದೊಡ್ಡವ್ವನ ಮಾತಿನ ಮೇಲೆ ಪರೀಕ್ಷೆ ಮಾಡಿ ನೋಡಿದೆ. ‘ಪಾವು ಸುತ್ತಿ ಆಯ್ತು’ ಎಂದರು. ಕನ್ನಡದ ಮಗ್ಗದಲ್ಲಿ ಹಾಸು ಮತ್ತು ಹೊಕ್ಕು. ತಮಿಳಿನಲ್ಲಿ ಹಾಸನ್ನು ಪಾವು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಮಗ್ಗ ಕನ್ನಡದ್ದು, ಅದರ ಮೇಲಿನ ಪಾವು ತಮಿಳಿನದ್ದು. ಫೋನು ಕನ್ನಡವೆಂದು ಕೇಳಿಸಿಕೊಂಡರೆ ಪಾವು ಅಕ್ಕಿ ಅಳೆಯುವ ಪಾವಾಗುತ್ತದೆ. ತಮಿಳೆಂದು ಕೇಳಿಸಿಕೊಂಡರೆ ಪಾವು ಸರಿ, ಉಳಿದದ್ದೆಲ್ಲ ಕೆಟ್ಟಿತು. ಭಾಷೆ ಯಾವುದು ಅಂತ ಮೊದಲೇ ಆರಿಸು ಅನ್ನುತ್ತದೆ, ಒಂದನ್ನೇ ಆರಿಸು ಅನ್ನುತ್ತದೆ. ದೊಡ್ಡವ್ವ ಯಾವುದನ್ನು ಬಿಡಬೇಕು?

ಯಂತ್ರ ಎಡವಿದ ಇನ್ನೊಂದು ಸಂದರ್ಭ ನೆನಪಿದೆ. 2025ರ ಜುಲೈ 14ರಂದು ನಟಿ ಬಿ. ಸರೋಜಾದೇವಿ ತೀರಿಕೊಂಡರು. ನಮ್ಮ ಮನೆಯಲ್ಲಿ ಅವತ್ತು ಒಲೆ ಹಚ್ಚಿದ್ದು ತಡವಾಗಿ. ‘ಕಿತ್ತೂರು ಚೆನ್ನಮ್ಮ’ನಾಗಿ ಅಲ್ಲಿಯವರಿಗೆ ಎಷ್ಟು ಬೇಕಾಗಿದ್ದರೋ ‘ನಾಡೋಡಿ ಮನ್ನನ್’ ಚಿತ್ರ ಬಂದಂದಿನಿಂದ ಇಲ್ಲಿಯವರಿಗೂ ಅಷ್ಟೇ ಬೇಕಾಗಿದ್ದರು. ತಮಿಳರು ಅವರನ್ನು ಕರೆದದ್ದೇ ಕನ್ನಡತ್ತು ಪೈಂಗಿಳಿ ಎಂದು, ಕನ್ನಡದ ಹಸುರುಗಿಳಿ. ದೊಡ್ಡವ್ವನಿಗೆ ಆ ಹೆಸರೆಂದರೆ ಪ್ರಾಣ. ತಮಿಳು ಪೋಸ್ಟರಿನ ಮೇಲೆ ಕನ್ನಡ ಅನ್ನುವ ಪದವನ್ನು ಅವರು ಓದಿದ್ದು ಅಲ್ಲೇ. ಆಗ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು ಅಂತಿಮ ದರ್ಶನ ಪಡೆದ ಸುದ್ದಿ ಕನ್ನಡದಲ್ಲಿ ಬಂತು. ಮೆಟಾದ ಯಂತ್ರ ಅದನ್ನು ತಾನಾಗಿ ಇಂಗ್ಲಿಷಿಗೆ ತಿರುಗಿಸಿ, ತೀರಿಕೊಂಡವರು ಮುಖ್ಯಮಂತ್ರಿಗಳೇ ಎಂಬಂತೆ ಬರೆಯಿತು. ಅನುವಾದ ಸರಿಯಾಗುವವರೆಗೆ ಕನ್ನಡಕ್ಕೆ ಆ ಸೌಲಭ್ಯ ನಿಲ್ಲಿಸಿ ಎಂದು ಅವರ ಕಚೇರಿ ಮೆಟಾಗೆ ಬರೆಯಿತು, ಮೆಟಾ ಕ್ಷಮೆ ಕೇಳಿ ಸರಿಪಡಿಸಿತು. ನಾಲ್ಕು ಕೋಟಿಗೂ ಮೀರಿದ ಮಂದಿ ಆಡುವ, ಒಂದು ಸರ್ಕಾರವೇ ಬೆನ್ನಿಗಿರುವ, ಚೊಕ್ಕ ಅಕ್ಷರದಲ್ಲಿ ಬರೆದ ಕನ್ನಡಕ್ಕೇ ಹೀಗಾಯಿತು. ದೊಡ್ಡವ್ವನ ಕನ್ನಡದ ಪರವಾಗಿ ಪತ್ರ ಬರೆಯುವ ಕಚೇರಿ ಯಾವುದು?

ನಾನು ಕೇಳುವುದು ದೊಡ್ಡದೇನಲ್ಲ. ಹೊಸ ಫೋನು ತೆರೆದ ಕೂಡಲೇ ‘ನಿಮ್ಮ ಭಾಷೆ ಯಾವುದು’ ಎಂದು ಒಂದು ಪ್ರಶ್ನೆ ಬರುತ್ತದಲ್ಲ, ಅದನ್ನು ಎರಡು ಮಾಡಿ. ಮನೆಯಲ್ಲಿ ಆಡುವುದು ಏನು, ಬರೆಯುವುದು ಯಾವ ಅಕ್ಷರದಲ್ಲಿ. ಇದಕ್ಕೆ ಹೊಸ ಸಂಶೋಧನೆಯೇನೂ ಬೇಕಿಲ್ಲ. ಇಂಟರ್‌ನೆಟ್ಟಿನಲ್ಲಿ ಭಾಷೆಗೆ ಗುರುತು ಹಚ್ಚುವ ಪದ್ಧತಿ 2006ರಲ್ಲೇ ಲಿಪಿಗೆ ಬೇರೆ ಜಾಗ ಮಾಡಿಕೊಟ್ಟಿದೆ. ಭಾಷೆಗೆ ಎರಡಕ್ಷರ, ಲಿಪಿಗೆ ನಾಲ್ಕಕ್ಷರ: ಕೆ-ಎನ್, ಒಂದು ಅಡ್ಡಗೆರೆ, ಟಿ-ಎ-ಎಂ-ಎಲ್. ತಮಿಳು ಅಕ್ಷರದಲ್ಲಿ ಬರೆದ ಕನ್ನಡ. ದೊಡ್ಡವ್ವನ ಊರು, ಕೇರಿ, ಬಾಗಿಲ ನಂಬರು ಎಲ್ಲ ಆ ಆರು ಅಕ್ಷರದಲ್ಲಿದೆ. ವಿಳಾಸ ತಯಾರಿದೆ, ಆ ವಿಳಾಸಕ್ಕೆ ಯಾರಾದರೂ ಬರಬೇಕು.

ಮದ್ರಾಸ್ ಐಐಟಿಯ ಎಐ4ಭಾರತ್ ತಂಡ 2024ರಲ್ಲಿ ಹೊರತಂದ ಧ್ವನಿಸಂಗ್ರಹದಲ್ಲಿ 22 ಭಾಷೆಗಳ, 145 ಜಿಲ್ಲೆಗಳ, 16,000ಕ್ಕೂ ಹೆಚ್ಚು ಮಂದಿಯ ದನಿಯಿದೆ. ಯಂತ್ರಗಳು ಕಿವಿ ತೆರೆಯುವುದು ಇಂಥ ಕೆಲಸದಿಂದಲೇ. ಅವರ ಬಗ್ಗೆ ನನಗೆ ತುಂಬಾ ಗೌರವವಿದೆ. ಮುಂದೆ ಮೈಕು ಹಿಡಿದು ಕೊಯಮತ್ತೂರು, ತಿರುಪ್ಪೂರಿಗೆ ಬರುವವರು ಯಾರೇ ಇರಲಿ, ಬಾಗಿಲಲ್ಲಿ ನಿಂತು ‘ಮನೆಯೊಳಗೆ ಏನು ಮಾತಾಡ್ತೀರಿ’ ಎಂದು ಕೇಳಬೇಕು. ಹೊರಗೆ ನಾವೆಲ್ಲ ತಮಿಳಲ್ಲೇ ‘ವಾಂಗ’ (ಬನ್ನಿ) ಅನ್ನುತ್ತೇವೆ.

ಅವರು ಬರುವ ತನಕ ಸುಮ್ಮನೆ ಕೂರಲಾಗದು. ಭಾನುವಾರ ಸಿರುಮುಗೈಗೆ ಹೋಗಿ ದೊಡ್ಡವ್ವನ ಮಾತು ರೆಕಾರ್ಡ್ ಮಾಡುತ್ತಿದ್ದೇನೆ. ಮಗ್ಗ ನಿಲ್ಲಿಸಿ ಎಂದರೆ ಕೇಳುವುದಿಲ್ಲ. ಲಾಳಿ ಆ ಕಡೆಯಿಂದ ಈ ಕಡೆಗೆ ಹೊಡೆಯುವ ಸದ್ದಿನ ನಡುವೆಯೇ ಮಾತು. ರಾತ್ರಿ ಕೂತು ನಾನೇ ಕನ್ನಡ ಅಕ್ಷರಕ್ಕೆ ಇಳಿಸುತ್ತೇನೆ. ಹೋದ ವಾರ ಅದನ್ನು ಅವರ ಮುಂದಿಟ್ಟೆ. ಕನ್ನಡಕ ಏರಿಸಿ, ಸಾಲಿನ ಮೇಲೆ ಬೆರಳಿಟ್ಟರು.

‘ಇದ್ಯಾವ ಅಕ್ಷರ, ಕಣ್ಣು?’

‘ಗ, ದೊಡ್ಡವ್ವ. ಗಾಡಿಯ ಗ.’

ಅವರ ಫೋನಿಗೆ ಕನ್ನಡ ಕೀಬೋರ್ಡು ಹಾಕಿ, ಗೋಲದ ಗುರುತಿರುವ ಗುಂಡಿ ಒತ್ತಿದರೆ ಅಕ್ಷರ ಬದಲಾಗುತ್ತದೆಂದು ತೋರಿಸಿ ಬಂದೆ. ಗುರುವಾರ ಬೆಳಿಗ್ಗೆ ಗ್ರೂಪಿನಲ್ಲಿ ಅವರದೊಂದು ಮೆಸೇಜು. ಮೊದಲು ಒಂಟಿಯಾಗಿ ಕನ್ನಡದ ಒಂದು ‘ಗ’, ದೀರ್ಘ ಹಾಕಲು ಇನ್ನೂ ಬಂದಿರಲಿಲ್ಲ. ಅದರ ಹಿಂದೆ ಉಳಿದದ್ದೆಲ್ಲ ತಮಿಳು ಅಕ್ಷರ.

ಎರಡು ನಿಮಿಷದಲ್ಲಿ ಬೆಂಗಳೂರಿನಿಂದ ಉತ್ತರ ಬಂತು. ‘ಅಜ್ಜಿ, ಗಾಡಿ ಬಂತಾ?’